ಕೇಳದೆ ಕೊಡುವ ಪೆಟ್ಟಿಗೆ

ನಿಯಾಜ್‌ಗೆ ಸಿಟ್ಟು ಬಂದರೆ ಮೊದಲು ಬೈಸಿಕೊಳ್ಳುವುದು ಸ್ಕ್ರೂಡ್ರೈವರ್. ಕೆಲಸ ಕೊಡುವವರನ್ನು ಬೈಯುವ ಹಾಗಿಲ್ಲ. ಮನೆಯಲ್ಲಿ ಹೆಂಡತಿ ನಾಜ್ನೀನ್‌ಳನ್ನು ಬೈದರೆ ಬಡ್ಡಿ ಸಮೇತ ವಾಪಸು ಬರುತ್ತದೆ. ಉಳಿದದ್ದು ಕೈಯಲ್ಲಿರುವ ಸಾಮಾನು. 2009ರ ಆಗಸ್ಟ್ ತಿಂಗಳಲ್ಲಿ ಅವನ ಸ್ಕ್ರೂಡ್ರೈವರಿಗೆ ಕಿವಿ ಇದ್ದಿದ್ದರೆ ಅದು ಕೆಲಸ ಬಿಟ್ಟು ಓಡಿಹೋಗುತ್ತಿತ್ತು.

ಚಾಮರಾಜನಗರದಲ್ಲಿ ಅವನನ್ನು ಹುಡುಕುವುದು ಕಷ್ಟವಲ್ಲ. ‘ವೈಂಡಿಂಗ್ ಜಬ್ಬಾರರ ಎರಡನೇ ಮಗ, ಕೇಬಲ್ ನಿಯಾಜ್’ ಎಂದರೆ ಬಸ್ ನಿಲ್ದಾಣದ ಹಣ್ಣಿನ ಗಾಡಿಯವನೂ ದಾರಿ ತೋರಿಸುತ್ತಾನೆ. ತಂದೆ ಅಬ್ದುಲ್ ಜಬ್ಬಾರ್ ಮೂವತ್ತು ವರ್ಷ ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಮಾಡಿದವರು. ಉಮ್ಮತ್ತೂರಿನ ಕಡೆಯ ರೈತರು ಸುಟ್ಟ ಮೋಟರನ್ನು ಗೋಣಿಚೀಲದಲ್ಲಿ ಕಟ್ಟಿ ಬಸ್ಸಿನ ಮೇಲೆ ಹಾಕಿಕೊಂಡು ಬರುತ್ತಿದ್ದರು. ಕರಕಲಾದ ಸುರುಳಿ ಕಿತ್ತು, ಹೊಸ ತಾಮ್ರದ ತಂತಿಯನ್ನು ಸುತ್ತು ಎಣಿಸಿ ತುಂಬಿಸುವ ಕೆಲಸ. ಆ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿತ್ತು: ತಂತಿ ಕತ್ತರಿಸಬಾರದು. ನಡುವೆ ಎಲ್ಲಾದರೂ ಕವಲು ಬೇಕಾದರೆ ಮೇಲಿನ ವಾರ್ನಿಷ್ ಕೆರೆದು, ಅಲ್ಲೇ ಇನ್ನೊಂದು ತಂತಿ ಸುತ್ತಿ, ಬೆಸುಗೆ ಹಾಕಿ, ಮೇಲೆ ಪಟ್ಟಿ ಸುತ್ತಬೇಕು. “ಕತ್ತರಿಸೋಕೆ ಕತ್ತರಿ ಸಾಕು, ಕವಲು ತೆಗೆಯೋಕೆ ಕೈ ಬೇಕು” ಎನ್ನುತ್ತಿದ್ದರು ಜಬ್ಬಾರ್. ಗೇಣುದ್ದದ ತಾಮ್ರ ಕಸದಲ್ಲಿ ಸಿಕ್ಕಿದರೆ ಅಂದು ಮಕ್ಕಳಿಬ್ಬರಿಗೂ ಬೈಗುಳದ ಊಟ.

ಅವರು ತೀರಿಕೊಂಡ ಮೇಲೆ ಅಂಗಡಿಯನ್ನು ಅಣ್ಣ ಜುಬೇರ್ ನೋಡಿಕೊಂಡ. ನಿಯಾಜ್ ಟಿವಿ ಕೇಬಲ್ ಎಳೆದ, ಟೆಲಿಫೋನ್ ತಂತಿ ಎಳೆದ, ಆಮೇಲೆ ಕಂಪ್ಯೂಟರ್ ಬಂದಾಗ ನೆಟ್‌ವರ್ಕ್ ಕೇಬಲ್‌ಗೆ ಕೈ ಹಾಕಿದ. ಓದಿದ್ದು ಉರ್ದು ಶಾಲೆಯಲ್ಲಿ ಏಳನೆಯ ತರಗತಿ. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಬಲ್ಲ, ಓದಿದ್ದು ಏನೆಂದು ಮಾತ್ರ ತಿಳಿಯದು. ಆದರೆ ಕೇಬಲ್ಲಿನೊಳಗಿನ ಎಂಟು ತಂತಿಗಳ ಬಣ್ಣದ ಕ್ರಮ ಅವನಿಗೆ ನಿದ್ದೆಯಲ್ಲೂ ಬಾಯಿಪಾಠ. ಎಂಟರಲ್ಲಿ ಕಂಪ್ಯೂಟರುಗಳು ಮಾತಾಡುವುದು ನಾಲ್ಕರಲ್ಲಿ ಮಾತ್ರ, ಕಿತ್ತಳೆ ಜೋಡಿ ಮತ್ತು ಹಸಿರು ಜೋಡಿ. ನೀಲಿ ಜೋಡಿ, ಕಂದು ಜೋಡಿ ಸುಮ್ಮನೆ ಜೊತೆಗೆ ಹೋಗಿ ಸುಮ್ಮನೆ ಜೊತೆಗೆ ಬರುತ್ತವೆ. ಇದು ಗೊತ್ತಾದ ದಿನ ಜಬ್ಬಾರರ ಮಗನಿಗೆ ಹೊಟ್ಟೆ ಉರಿದಿತ್ತು. ಅಷ್ಟು ತಾಮ್ರ ಸೋಮಾರಿಯಾಗಿ ಮಲಗಿರುವುದನ್ನು ಅವನ ರಕ್ತ ಒಪ್ಪಲಿಲ್ಲ.

ಗುಂಡ್ಲುಪೇಟೆಯ ಹತ್ತಿರ, ತೆರಕಣಾಂಬಿ ರಸ್ತೆಯಲ್ಲಿ ಒಂದು ಚೆಂಡುಹೂವಿನ ಕಾರ್ಖಾನೆ ಇತ್ತು. ಸುತ್ತಲಿನ ಹಳ್ಳಿಗಳ ಹೂವು ಟ್ರ್ಯಾಕ್ಟರಿನಲ್ಲಿ ಬಂದು ಅಲ್ಲಿ ಗುಂಡಿಗೆ ಬೀಳುತ್ತಿತ್ತು. ಕೊಳೆಸಿ, ಹಿಂಡಿ, ಒಣಗಿಸಿ, ಪುಡಿ ಮಾಡಿ ಕೇರಳಕ್ಕೆ ಕಳಿಸುತ್ತಿದ್ದರು. ಅದರ ಹುಳಿ ವಾಸನೆ ಒಮ್ಮೆ ಅಂಗಿಗೆ ಹತ್ತಿದರೆ ಮೂರು ಒಗೆತಕ್ಕೂ ಹೋಗದು. 2006ರಲ್ಲಿ ಅಲ್ಲಿನ ಮ್ಯಾನೇಜರ್ ಶಿವಮೂರ್ತಿ ನಿಯಾಜ್‌ನನ್ನು ಕರೆಸಿದರು. ಅಂಗಳದ ಆ ತುದಿಗೆ ತೂಕದ ಮನೆ, ಅಂದರೆ ಲಾರಿ ಟ್ರ್ಯಾಕ್ಟರುಗಳನ್ನು ಹತ್ತಿಸಿ ತೂಗುವ ಕಟ್ಟೆ, ಅದರ ಪಕ್ಕದ ಕೋಣೆಯಲ್ಲಿ ಅಂಕಿ ತೋರಿಸುವ ಯಂತ್ರ. ಯಂತ್ರದಲ್ಲಿ ಬೀಳುವ ತೂಕವೇ ತಮ್ಮ ಕೋಣೆಯ ಗೋಡೆಯ ಮೇಲೂ ಕಾಣಬೇಕು ಎಂಬುದು ಶಿವಮೂರ್ತಿಯವರ ಆಸೆ. ಅಂಕಿಯ ಒಂದು ಬೋರ್ಡು ತರಿಸಿದ್ದರು. ತಂತಿ ಎಳೆಯುವುದು ಬಾಕಿ.

ನಿಯಾಜ್ ಆ ತೊಂಬತ್ತು ಮೀಟರಿಗೆ ನೆಟ್‌ವರ್ಕ್ ಕೇಬಲನ್ನೇ ಎಳೆದ. ಬೋರ್ಡಿಗೆ ನೀಲಿ ಮತ್ತು ಕಂದು ಜೋಡಿ ಸಾಕು. ಕಿತ್ತಳೆ, ಹಸಿರು ಹಾಗೇ ಇರಲಿ, ಮುಂದೊಂದು ದಿನ ತೂಕದ ಮನೆಗೆ ಕಂಪ್ಯೂಟರ್ ಬಂದರೆ ಮತ್ತೆ ಅಂಗಳ ಅಗೆಯುವುದು ಬೇಡ. ಕೇಬಲನ್ನು ಈ ತುದಿಯಿಂದ ಆ ತುದಿಗೆ ಅಖಂಡವಾಗಿ ಬಿಟ್ಟು, ಎರಡೂ ಕಡೆ ಎಂಟೂ ತಂತಿಗೆ ಪಿನ್ ಹಾಕಿದ. ಮ್ಯಾನೇಜರ ಬಾಗಿಲ ಮೇಲೆ ಒಂದು ಕಡೆ, ಯಂತ್ರದ ಹಿಂದೆ ಒಂದು ಕಡೆ, ನೀಲಿ ಕಂದುಗಳ ಸಿಪ್ಪೆ ಸುಲಿದು ಅಪ್ಪ ಕಲಿಸಿದಂತೆ ಕವಲು ತೆಗೆದ. ಒಂದೇ ಒಂದು ತಂತಿ ತುಂಡಾಗಲಿಲ್ಲ. ಬೋರ್ಡಿನ ಮೇಲೆ ಕೆಂಪು ಅಂಕಿ ಹತ್ತಿಕೊಂಡಾಗ ಶಿವಮೂರ್ತಿ ಕುರ್ಚಿಯಿಂದ ಎದ್ದು ಬೆನ್ನು ತಟ್ಟಿದ್ದರು. ಆ ಬೆನ್ನು ತಟ್ಟಿದ್ದನ್ನು ನಿಯಾಜ್ ಮನೆಯಲ್ಲಿ ಒಂದು ವಾರ ಹೇಳಿದ.

ಆವತ್ತು ಏಣಿ ಹಿಡಿದವನು ಪುಟ್ಟಮಾದಯ್ಯ. ಭೀಮನಬೀಡಿನವನು, ನಿಯಾಜ್‌ಗಿಂತ ಹತ್ತು ವರ್ಷ ದೊಡ್ಡವನು, ಕಾರ್ಖಾನೆ ಶುರುವಾದಾಗಿನಿಂದ ತೂಕದ ಮನೆ ಅವನದೇ. ತೂಕ ಓದಿ ಚೀಟಿ ಬರೆದು ಕೊಡುವುದು ಅವನ ಕೆಲಸ. ಅವನ ಚೀಟಿಯನ್ನು ಯಾರೂ ಎರಡನೇ ಸಲ ಓದಿ ನೋಡುತ್ತಿರಲಿಲ್ಲ. ತೂಗಿಸುವವರಲ್ಲಿ ಅರ್ಧ ಜನ ಅವನ ಊರಿನವರೇ. ನಿಯಾಜ್ ಬಂದಾಗಲೆಲ್ಲ “ಬಾ ನಿಯಾಜು, ಮೊದ್ಲು ಟೀ ಕುಡ್ಕೋ, ಆಮ್ಯಾಕೆ ಮೇಕ್ ಹತ್ತೀಯಂತೆ” ಎನ್ನುತ್ತಿದ್ದ.

ಮೂರು ವರ್ಷ ಎಲ್ಲ ಚೆನ್ನಾಗಿತ್ತು. ಆಮೇಲೆ ಕ್ಯಾಮೆರಾ ಬಂತು.

ಹೂವಿನ ಹಂಗಾಮು ಶುರುವಾಗುವ ಹೊತ್ತಿಗೆ ತೂಕದ ಮನೆಗೊಂದು ಕ್ಯಾಮೆರಾ ಹಾಕಬೇಕೆಂದು ಮಾಲೀಕರ ಅಪ್ಪಣೆಯಾಯಿತು. ಗಾಡಿಯ ನಂಬರು ಕಾಣಬೇಕು, ತೂಕಕ್ಕೂ ಗಾಡಿಗೂ ತಾಳೆ ಇರಬೇಕು. ಮೈಸೂರಿನ ಅಂಗಡಿಯ ಸೋಮಯ್ಯ ಕ್ಯಾಮೆರಾ ಕಳಿಸಿ ಫೋನಿನಲ್ಲಿ ಹೇಳಿದ, “ಕರೆಂಟಿಗೆ ಬೇರೆ ವೈರ್ ಬೇಡ ಕಣ್ರೀ. ಚಿತ್ರ ಬರೋ ಕೇಬಲ್ಲಲ್ಲೇ ಕರೆಂಟೂ ಹೋಗುತ್ತೆ.” ನಿಯಾಜ್‌ಗೆ ಇದಕ್ಕಿಂತ ರುಚಿಯಾದ ಮಾತು ಬೇರೆ ಇರಲಿಲ್ಲ. ಜೊತೆಗೆ ಬಂದ ಸ್ವಿಚ್ ಪೆಟ್ಟಿಗೆಗೆ ಕೇಬಲ್ ಚುಚ್ಚಿದ, ಆ ತುದಿಯಲ್ಲಿ ಕ್ಯಾಮೆರಾ ಕಣ್ಣು ಬಿಟ್ಟಿತು. ಆ ಪೆಟ್ಟಿಗೆ ಕರೆಂಟನ್ನು ಚಿತ್ರದ ನಾಲ್ಕು ತಂತಿಯಲ್ಲೇ ಕಳಿಸುವ ಜಾತಿಯದು. ಹೀಗಾಗಿ ನೀಲಿ ಕಂದುಗಳಲ್ಲಿ ತೂಕದ ಅಂಕಿಯೂ ನೆಮ್ಮದಿಯಾಗಿ ಓಡಾಡಿಕೊಂಡಿತ್ತು. ನಿಯಾಜ್‌ಗೆ ಇದು ಗೊತ್ತಿರಲಿಲ್ಲ. ಕರೆಂಟು ಹೋಗುವುದೇ ಹೀಗೆ, ಇನ್ನು ಹೇಗೂ ಹೋಗುವುದಿಲ್ಲ ಎಂದು ತಿಳಿದ. ಅಲ್ಲಿಂದ ಶುರುವಾಯಿತು ಗ್ರಹಚಾರ.

ಹದಿನೈದು ದಿನಕ್ಕೆ ಮಾಲೀಕರಿಗೆ ಆ ಕ್ಯಾಮೆರಾ ಸಾಲದಾಯಿತು. ಅತ್ತಿತ್ತ ತಲೆ ತಿರುಗಿಸುವ ಕ್ಯಾಮೆರಾ ಬೇಕು. ಅದೂ ಬಂತು. ನಿಯಾಜ್ ಹಾಕಿದ. ಸುಮ್ಮನಿದ್ದಾಗ ಚೆನ್ನಾಗಿರುತ್ತಿತ್ತು, ತಲೆ ತಿರುಗಿಸು ಎಂದರೆ ಅರ್ಧ ತಿರುಗಿ ಮೂರ್ಛೆ ಹೋಗುತ್ತಿತ್ತು. ಮತ್ತೆ ಎಚ್ಚರವಾಗಲು ಎರಡು ನಿಮಿಷ. ಮತ್ತೆ ತಿರುಗಿಸಿದರೆ ಮತ್ತೆ ಮೂರ್ಛೆ. ನಿಯಾಜ್ ಪಿನ್ ಬದಲಿಸಿದ, ಕ್ಯಾಮೆರಾ ಇಳಿಸಿ ಹತ್ತಿಸಿದ, ಚಾಮರಾಜನಗರದಿಂದ ಆ ಮೂವತ್ತೈದು ಕಿಲೋಮೀಟರ್ ತನ್ನ ಹಳೇ ಎಂಎಯ್ಟಿ ಗಾಡಿಯಲ್ಲಿ ನಾಲ್ಕು ದಿನ ಸತತ ಬಂದ. ಐದನೆಯ ದಿನ ಸೋಮಯ್ಯನಿಗೆ ಫೋನ್ ಮಾಡಿ ಕಿರುಚಿದ.

“ಸಾಲಲ್ಲ ಕಣ್ರೀ ಅದಕ್ಕೆ,” ಎಂದ ಸೋಮಯ್ಯ, ಮೊದಲೇ ಎಲ್ಲ ಗೊತ್ತಿದ್ದವನಂತೆ. “ನಿಮ್ಮ ಪೆಟ್ಟಿಗೆ ಎಎಫ್ ಅನ್ನೋ ಲೆಕ್ಕದ್ದು. ಹದಿನೈದು ವ್ಯಾಟ್ ಮೇಲೆ ಕೊಡಲ್ಲ. ಆ ಕ್ಯಾಮೆರಾಗೆ ಇಪ್ಪತ್ತರ ಮೇಲೆ ಬೇಕು. ಎಟಿ ಅಂತ ಹೊಸಾ ಲೆಕ್ಕ ಬರ್ತಾ ಇದೆ, ಮೂವತ್ತು ಕೊಡುತ್ತೆ.”

“ಹಂಗಂತ ಮೊದ್ಲೇ ಹೇಳಕ್ಕೆ ನಿಮ್ಗೇನಾಗಿತ್ತು ಸ್ವಾಮಿ?”

“ನೀವು ಕೇಳ್ಲಿಲ್ವಲ್ಲ!”

ನಿಯಾಜ್ ಫೋನ್ ಇಟ್ಟು ಸ್ಕ್ರೂಡ್ರೈವರಿಗೆ ಉರ್ದುವಿನಲ್ಲಿ ಬೈದ.

ಮೂರು ದಿನಕ್ಕೆ ಬಸ್ ಪಾರ್ಸಲ್ಲಿನಲ್ಲಿ ಮೂವತ್ತು ವ್ಯಾಟಿನ ಪೆಟ್ಟಿಗೆ ಬಂತು. ಸ್ವಿಚ್ಚಿಗೂ ಕೇಬಲ್ಲಿಗೂ ನಡುವೆ ಚುಚ್ಚಿದರೆ ಕರೆಂಟು ಸೇರಿಸುವ ಪೆಟ್ಟಿಗೆ. ಜೊತೆಗೊಂದು ಮಡಿಸಿದ ಕಾಗದ, ಪೂರ್ತಿ ಇಂಗ್ಲಿಷು. ಕಾಗದವನ್ನು ಎಂಎಯ್ಟಿಯ ಪೆಟ್ಟಿಗೆಯಲ್ಲಿ ಬಟ್ಟೆಯ ಕೆಳಗೆ ಹಾಕಿ, ಪೆಟ್ಟಿಗೆ ಚುಚ್ಚಿದ. ಕೆಂಪು ದೀಪ ಮಿಣುಕಿತು. ಕ್ಯಾಮೆರಾ ಸತ್ತಂತೆ ಕೂತಿತು. ತೆಗೆದು ಚುಚ್ಚಿದ, ಮತ್ತೆ ಕೆಂಪು. ಪಕ್ಕದ ಕೋಣೆಯ ಇನ್ನೊಂದು ಕೇಬಲ್ಲಿಗೆ ಹಾಕಿ ಬೇರೆ ಕ್ಯಾಮೆರಾ ಇಟ್ಟು ನೋಡಿದ, ಹಸಿರು ದೀಪ, ಚೆನ್ನಾಗಿ ನಡೆಯಿತು. ತೂಕದ ಮನೆಯ ಕೇಬಲ್ಲಿಗೆ ತಂದರೆ ಮತ್ತೆ ಅದೇ ಕೆಂಪು, ಅದೇ ಮುನಿಸು.

ಅಂಗಳದಲ್ಲಿ ಹದಿನೆಂಟು ಟ್ರ್ಯಾಕ್ಟರು ನಿಂತಿದ್ದವು. ಶಿವಮೂರ್ತಿ ಬಂದು ಬಾಗಿಲಲ್ಲಿ ನಿಂತರು. “ಏನ್ರೀ ನಿಯಾಜ್, ಹತ್ತು ದಿನ ಆಯ್ತು. ನಿಮಗೆ ಆಗದಿದ್ರೆ ಹೇಳಿ, ಮೈಸೂರಿಂದ ಯಾರನ್ನಾದ್ರೂ ಕರೆಸ್ತೀನಿ.”

“ಪೆಟ್ಟಿಗೆ ಸರಿ ಇಲ್ಲ ಸಾರ್,” ಎಂದ ನಿಯಾಜ್. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಸೋಮಯ್ಯನಿಗೂ ಇವನ ಫೋನು ಸಾಕಾಗಿತ್ತು. “ಆಯ್ತು ಮಾರಾಯ್ರೇ, ಇನ್ನೊಂದು ಕಳಿಸ್ತೀನಿ. ಅದು ಯಾವ ಲೆಕ್ಕಕ್ಕೂ ಸೇರಿದ್ದಲ್ಲ, ಕೇಳದೆ ಕೊಡೋದು. ಹಾಕಿದ್ರೆ ಹತ್ತಿಕೊಳ್ಳುತ್ತೆ,” ಎಂದ. ಸೋಮವಾರ ಬೆಳಿಗ್ಗೆ ಆ ಪೆಟ್ಟಿಗೆ ಬಂತು. ಹೆಸರಿಲ್ಲ, ಕಾಗದವಿಲ್ಲ, ಹಗುರವಾದ ಕರಿ ಡಬ್ಬಿ. ನಿಯಾಜ್ ಚುಚ್ಚಿದ. ಕ್ಯಾಮೆರಾ ಎಚ್ಚರವಾಯಿತು. ತಲೆ ತಿರುಗಿಸಿತು, ಎಡಕ್ಕೆ, ಬಲಕ್ಕೆ, ಮೇಲಕ್ಕೆ. ನಿಯಾಜ್‌ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಕಂಪ್ಯೂಟರಿನಲ್ಲಿ ಟ್ರ್ಯಾಕ್ಟರುಗಳ ನಂಬರನ್ನು ಒಂದೊಂದಾಗಿ ಶಿವಮೂರ್ತಿಗೆ ಓದಿ ತೋರಿಸಿದ.

ಆ ಸಂಭ್ರಮದಲ್ಲಿ ಗೋಡೆಯ ಮೇಲಿನ ಬೋರ್ಡು ಆರಿದ್ದನ್ನು ಇಬ್ಬರೂ ನೋಡಲಿಲ್ಲ. ಕಾಲು ಗಂಟೆ ಕಳೆದು, ಮುಂದಿನ ಟ್ರ್ಯಾಕ್ಟರು ಕಟ್ಟೆ ಹತ್ತಿದಾಗ ಪುಟ್ಟಮಾದಯ್ಯ ಅಂಗಳದ ಆ ಕಡೆಯಿಂದ ಕೂಗಿದ, “ಸಾ, ಮಿಷನ್ನು ಕಣ್ಣೇ ಬುಡ್ತಾ ಇಲ್ಲ! ಸುಟ್ಟ ವಾಸ್ನೆ ಬತ್ತಾ ಅದೆ!”

ಹಂಗಾಮಿನ ಮಧ್ಯೆ ತೂಕ ನಿಂತರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಸಂಜೆಯ ಹೊತ್ತಿಗೆ ರಸ್ತೆಯವರೆಗೂ ಗಾಡಿಗಳ ಸಾಲು, ಬಿಸಿಲಿಗೆ ಹೂವು ಬೆವೆತು ಕಪ್ಪಾಗತೊಡಗಿತು, ರೈತರ ಬಾಯಿ ಜೋರಾಯಿತು. ಮೊದಲೇ ಅವರಲ್ಲಿ ಒಂದು ಗುಸುಗುಸು ಇತ್ತು: ಈ ವರ್ಷ ತೂಕ ಕಡಿಮೆ ಬರುತ್ತಿದೆ ಎಂದು. ಮಳೆ ಕಡಿಮೆಯಾಗಿ ಹೂವು ಹಗುರಾಗಿದ್ದನ್ನು ಯಾರು ಒಪ್ಪುತ್ತಾರೆ? ಮಂಗಳವಾರ ತಕ್ಕಡಿ ಕಂಪನಿಯ ಮೆಕ್ಯಾನಿಕ್ ಬಂದು ಯಂತ್ರ ಬಿಚ್ಚಿದ. ರೈತರು ಬಾಗಿಲಿಗೆ ಮುತ್ತಿಕೊಂಡು ನೋಡುತ್ತಿದ್ದರು. ಒಳಗಿನ ಹಲಗೆ ಒಂದು ಮೂಲೆಯಲ್ಲಿ ಕಪ್ಪಾಗಿತ್ತು.

“ಹೊರಗಿಂದ ಏನೋ ಕರೆಂಟು ಕೊಟ್ಟಿದ್ದಾರೆ,” ಎಂದ ಮೆಕ್ಯಾನಿಕ್. “ತಾನಾಗಿ ಹೀಗೆ ಸುಡಲ್ಲ.”

ಶಿವಮೂರ್ತಿಯವರ ಕಣ್ಣು ಕೋಣೆಯನ್ನೆಲ್ಲ ಸುತ್ತಿ ಪುಟ್ಟಮಾದಯ್ಯನ ಮೊಬೈಲ್ ಚಾರ್ಜರಿನ ಮೇಲೆ ನಿಂತಿತು. ಯಂತ್ರದ ಪ್ಲಗ್ಗಿನ ಪಕ್ಕದಲ್ಲೇ ಅದು ನೇತಾಡುತ್ತಿತ್ತು. “ಇದನ್ನ ಇದಕ್ಕೆ ಸಿಕ್ಕಿಸಿ ಏನ್ ಮಾಡ್ತಾ ಇದ್ದೆ?”

“ಪೋನು ಚಾರ್ಜ್ ಮಾಡ್ತಿದ್ದೆ ಸಾ. ಮಿಷನ್ನಿಗೆ ನಾನ್ಯಾಕೆ ಕೈ ಹಾಕನ? ಬಿಚ್ಚಕ್ ಮುಂಚೆ ಸೀಲು ಹಂಗೇ ಇತ್ತು, ಇವ್ರನ್ನೇ ಕೇಳಿ.”

ಶಿವಮೂರ್ತಿ ತಿರುಗಿ ನೋಡಿದರು. “ನಿಯಾಜ್, ನೀವು ಹೇಳಿ. ಚಾರ್ಜರ್ ಕರೆಂಟಿಂದ ಹೀಗಾಗಬಹುದಾ?”

ಅಷ್ಟೂ ತಲೆಗಳು ನಿಯಾಜ್‌ನ ಕಡೆ ತಿರುಗಿದವು. ಅವನಿಗೆ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ. ಹತ್ತು ದಿನ ಒಂದು ಕ್ಯಾಮೆರಾದ ಮುಂದೆ ಸೋತು ಸುಣ್ಣವಾಗಿದ್ದ ಮನುಷ್ಯ ನಿನ್ನೆಯಷ್ಟೇ ಗೆದ್ದಿದ್ದ. ಇವತ್ತು ಅಷ್ಟು ಜನರ ಮುಂದೆ ಬಾಯಿ ಮುಚ್ಚಿ ನಿಲ್ಲುವುದೆಂದರೆ ಅವನಿಗೆ ಬಟ್ಟೆ ಬಿಚ್ಚಿ ನಿಂತ ಹಾಗೆ.

“ಆಗಬಹುದು ಸಾರ್,” ಎಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಿಂದಿನಿಂದ ಯಾರೋ “ಅದ್ಕೇ ಕಣ್ಲಾ ತೂಕ ಕಮ್ಮಿ ಬತ್ತಿದ್ದು, ಬಡ್ಡಿಮಗ ಏನೋ ಮಾಡ್ಬುಟ್ಟವ್ನೆ!” ಎಂದರು. ಆಮೇಲೆ ಮಾತು ಯಾರ ಕೈಯಲ್ಲೂ ಇರಲಿಲ್ಲ. ಪುಟ್ಟಮಾದಯ್ಯ ನಿಯಾಜ್‌ನ ಮುಖವನ್ನು ಒಂದು ಸಲ ನೋಡಿದ, ಚಾರ್ಜರು ಕಿತ್ತು ಜೇಬಿಗೆ ಹಾಕಿಕೊಂಡ. ಶಿವಮೂರ್ತಿ ಅವನಿಗೆ ನಾಳೆಯಿಂದ ಬರಬೇಡ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮೆಕ್ಯಾನಿಕ್ ಯಂತ್ರಕ್ಕೆ ಹೊಸ ಹಲಗೆ ಹಾಕಿದ. ಗೋಡೆಯ ಬೋರ್ಡೂ ಸುಟ್ಟಿದ್ದರಿಂದ ಅದನ್ನು ರಿಪೇರಿಗೆ ಒಯ್ದ, ಆ ತಂತಿಯನ್ನು ಯಂತ್ರದಿಂದ ಬಿಚ್ಚಿ ಹಾಗೇ ಬಿಟ್ಟ. ಬುಧವಾರದಿಂದ ಹೊಸಬನೊಬ್ಬ ಚೀಟಿ ಬರೆಯತೊಡಗಿದ.

ನಿಯಾಜ್ ಮನೆಗೆ ಬಂದ, ಆದರೆ ಮನಸ್ಸು ಬರಲಿಲ್ಲ. ಶುಕ್ರವಾರ ಮಸೀದಿಯಿಂದ ಬಂದು ಊಟಕ್ಕೆ ಕೂತವನು ಸಾರಿನಲ್ಲಿ ಉಪ್ಪಿಲ್ಲ ಎಂದು ರೇಗಿದ. ಉಪ್ಪು ಸರಿಯಾಗಿಯೇ ಇತ್ತು. ನಾಜ್ನೀನ್ ತಟ್ಟೆ ಎಳೆದಿಟ್ಟು, “ಸಾರಿನ ಮೇಲೆ ಯಾಕೆ? ಏನಾಗಿದೆ ಅದನ್ನ ಹೇಳು,” ಎಂದಳು. ಅವರ ಮನೆಮಾತು ಉರ್ದು. ಅವಳು ಪಿಯುಸಿವರೆಗೆ ಓದಿ ಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ನಿಯಾಜ್ ಒಂದನ್ನೂ ಬಿಡದೆ ಹೇಳಿದ, ಕೊನೆಗೆ ಕೆಂಪು ದೀಪದ ಆ ಹಾಳು ಪೆಟ್ಟಿಗೆಗೆ ಮತ್ತೊಮ್ಮೆ ಶಾಪ ಹಾಕಿದ.

“ಅದರ ಜೊತೆ ಕಾಗದ ಇರಲಿಲ್ವಾ?”

ಎಂಎಯ್ಟಿಯ ಪೆಟ್ಟಿಗೆಯಿಂದ ಕಾಗದ ಬಂತು, ಗ್ರೀಸ್ ಹತ್ತಿಕೊಂಡು. ನಾಜ್ನೀನ್ ಬೆರಳಿಟ್ಟು ನಿಧಾನವಾಗಿ ಓದಿದಳು. ಅರ್ಥವಾಗದ ಕಡೆ ನಿಂತಳು, ಮತ್ತೆ ಓದಿದಳು.

“ಈ ಪೆಟ್ಟಿಗೆ ಕೊಡೋಕೆ ಮುಂಚೆ ಕೇಳುತ್ತಂತೆ. ಸ್ವಲ್ಪವೇ ಸ್ವಲ್ಪ ಕರೆಂಟು ಬಿಟ್ಟು, ಆ ತುದಿಯಲ್ಲಿರೋದು ತನ್ನ ಜಾತಿಯದು ಹೌದೋ ಅಲ್ವೋ ಅಂತ ನೋಡುತ್ತೆ. ಹೌದು ಅಂದ್ರೆ ಹಸಿರು ದೀಪ, ಪೂರ್ತಿ ಕೊಡುತ್ತೆ. ಎಎಫ್ ಅನ್ನೋದೂ ಕೇಳಿಯೇ ಕೊಡೋದಂತೆ, ಎಟಿ ಅನ್ನೋದೂ ಹಾಗೇನೇ. ಕೊಡೋ ಪ್ರಮಾಣ ಬೇರೆ ಅಷ್ಟೆ.”

“ಕೆಂಪು ದೀಪಕ್ಕೆ ಏನು ಬರೆದಿದಾರೆ?”

“ತಾಳು. ಕೆಂಪು ಮಿಣುಕಿದರೆ... ಇದು ಕರೆಂಟು ಕಳಿಸೋದು ನೀಲಿ ಮತ್ತು ಕಂದು ತಂತಿಗಳಲ್ಲಿ. ಆ ತಂತಿಗಳಿಗೆ ಬೇರೆ ಏನೋ ಸೇರಿದೆ ಅಂತ ಅರ್ಥ. ಮೊದಲು ಅದನ್ನ ಬಿಚ್ಚಿ ಅಂತ ಬರೆದಿದೆ.”

ನಿಯಾಜ್ ಕೈ ತೊಳೆಯದೆ ಕೂತ. ನೀಲಿ ಕಂದುಗಳಿಗೆ ಏನು ಸೇರಿದೆ ಎಂದು ಲೋಕದಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಕೆಂಪು ದೀಪದ ಪೆಟ್ಟಿಗೆ ಹಾಳಾಗಿರಲಿಲ್ಲ. ಮದುವೆಯೂಟದಲ್ಲಿ ಬಡಿಸುವವನು ಎಲೆಯ ಮುಂದೆ ನಿಂತು ‘ಹಾಕಲಾ’ ಎಂದು ಕೇಳುವಂತೆ ಅದು ಕೇಳಿತ್ತು, ಬೇಡದ ಎಲೆ ಕಂಡು ಕೈ ಹಿಂದೆಳೆದಿತ್ತು. ಕರಿ ಡಬ್ಬಿಗೆ ಆ ಸೌಜನ್ಯವಿಲ್ಲ. ಅದು ಎಲೆಯೋ ನೆಲವೋ ನೋಡದೆ ನಲವತ್ತೆಂಟು ವೋಲ್ಟನ್ನು ಸುರಿದಿತ್ತು. ಐದಾರು ವೋಲ್ಟಿನಲ್ಲಿ ಅಂಕಿ ಕಳಿಸಿಕೊಂಡಿದ್ದ ಯಂತ್ರಕ್ಕೆ ತನ್ನ ಕೈಯ ಕವಲಿನಿಂದಲೇ ಅದು ಹೋಗಿತ್ತು.

“ಇನ್ನೊಂದು ವಾರಕ್ಕೆ ಬೋರ್ಡು ರಿಪೇರಿ ಆಗಿ ಬರುತ್ತೆ,” ಎಂದ ನಿಯಾಜ್. “ತಂತಿ ಮತ್ತೆ ಸೇರಿಸಿದ್ರೆ ಮತ್ತೆ ಸುಡುತ್ತೆ. ಮೊದಲೇ ಹೋಗಿ ಆ ಕವಲು ಕತ್ತರಿಸಿಬಿಟ್ಟರೆ ಮುಗೀತು. ಐದು ನಿಮಿಷದ ಕೆಲಸ. ಯಾರಿಗೂ ತಿಳಿಯಲ್ಲ.”

“ಮಾದಯ್ಯನ ಕೆಲಸ?”

ನಿಯಾಜ್ ಎದ್ದು ಕೈ ತೊಳೆದ. ಆ ರಾತ್ರಿಯೆಲ್ಲ ಅವನಿಗೆ ಎಲ್ಲರ ಮೇಲೂ ಸಿಟ್ಟು ಬಂತು. ಕೇಳಿದರೆ ಮಾತ್ರ ಹೇಳುವ ಸೋಮಯ್ಯನ ಮೇಲೆ, ಒಂದೇ ಕೆಲಸಕ್ಕೆ ಎರಡು ಲೆಕ್ಕ ಮಾಡಿಟ್ಟ ದೂರದೇಶದ ದೊಡ್ಡ ಮನುಷ್ಯರ ಮೇಲೆ, ಕನ್ನಡದಲ್ಲಿ ಒಂದು ಸಾಲು ಬರೆಯದ ಆ ಕಾಗದದ ಮೇಲೆ. ಬೈದು ಮುಗಿಸಿದಾಗ ಉಳಿದದ್ದು ಒಂದೇ ಮಾತು, ಅದು ತಾನಾಡಿದ್ದು.

ಶನಿವಾರ ಬೆಳಿಗ್ಗೆ ಶಿವಮೂರ್ತಿಯವರ ಮೇಜಿನ ಮುಂದೆ ನಿಂತು ಹೇಳಿದ. “ಸಾರ್, ಮಿಷನ್ ಸುಟ್ಟಿದ್ದು ಮಾದಯ್ಯಣ್ಣನಿಂದ ಅಲ್ಲ. ನನ್ನಿಂದ.”

ಶಿವಮೂರ್ತಿ ಮೊದಲು ನಂಬಲಿಲ್ಲ, ಆಮೇಲೆ ನಂಬಲು ಇಷ್ಟಪಡಲಿಲ್ಲ. “ಮಾಲೀಕರಿಗೆ ರಿಪೋರ್ಟ್ ಹೋಗಿ ಆಗಿದೆ ಕಣ್ರೀ. ಹೊಸಬನೂ ಸೇರಿದಾನೆ. ಈಗ ಇದನ್ನ ಕೆದಕಿ ಯಾರಿಗೇನು ಲಾಭ?”

ನಿಯಾಜ್ ಕರಿ ಡಬ್ಬಿ ಕಿತ್ತ. ಯಂತ್ರದ ಕಡೆ ಬಿಚ್ಚಿಟ್ಟ ತಂತಿಯನ್ನು ಯಂತ್ರದ ಬದಲಿಗೆಂದು ತಾನೇ ಮನೆಯಿಂದ ತಂದಿದ್ದ ಹಳೇ ಬೋರ್ಡೊಂದಕ್ಕೆ ಸೇರಿಸಿ, ಕೆಂಪು ದೀಪದ ಪೆಟ್ಟಿಗೆಯನ್ನು ಚುಚ್ಚಿದ. ಕೆಂಪು ಮಿಣುಕಿತು. “ನೋಡಿ ಸಾರ್.” ಏಣಿ ಹತ್ತಿ, ಬಾಗಿಲ ಮೇಲಿನ ಕವಲನ್ನು ಕತ್ತರಿಸಿದ. ತೂಕದ ಮನೆಗೆ ನಡೆದುಹೋಗಿ ಅಲ್ಲಿಯದನ್ನೂ ಕತ್ತರಿಸಿದ. ಹಿಂದಿರುಗಿ ಬರುವಷ್ಟರಲ್ಲಿ ದೀಪ ಹಸಿರಾಗಿತ್ತು, ಕ್ಯಾಮೆರಾ ತಲೆ ತಿರುಗಿಸುತ್ತಿತ್ತು. ಶಿವಮೂರ್ತಿ ಹಸಿರು ದೀಪವನ್ನೇ ನೋಡುತ್ತಾ ಕೂತರು.

“ಬರೆದುಕೊಡ್ತೀರಾ?”

ನಿಯಾಜ್ ಹೇಳಿದ, ಗುಮಾಸ್ತ ಗುರುಸಿದ್ದಯ್ಯ ಕನ್ನಡದಲ್ಲಿ ಬರೆದ, ನಿಯಾಜ್ ಉರ್ದುವಿನಲ್ಲಿ ಸಹಿ ಹಾಕಿದ. ಶಿವಮೂರ್ತಿ ಕಾಗದ ಮಡಿಸಿ ಡ್ರಾಯರಿಗೆ ಹಾಕಿದರು. “ಮಾದಯ್ಯನ್ನ ಸೋಮವಾರದಿಂದ ಬರಹೇಳಿ. ನೀವು ಇನ್ನು ಬರಬೇಡಿ. ಬೋರ್ಡಿನ ತಂತಿ ಬೇರೆಯವರು ಎಳೀತಾರೆ. ನಾನು ರೈತರ ಮುಂದೆ ನಿಂತು ಕ್ಷಮೆ ಗಿಮೆ ಕೇಳಲ್ಲ, ಅದೊಂದು ನನಗೆ ಹೇಳಬೇಡಿ.”

ಹನ್ನೆರಡು ಹೆಜ್ಜೆ ನಡೆದು ಗೇಟು ದಾಟುವಷ್ಟರಲ್ಲಿ ನಿಯಾಜ್‌ಗೆ ಅಳು ಬಂತು. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಅವನಿಗಿದ್ದ ದೊಡ್ಡ ಕೆಲಸ ಅದೊಂದೇ.

ಭೀಮನಬೀಡು ತಲುಪಿದಾಗ ಸಂಜೆ ಹಾಲು ಹಾಕುವ ಹೊತ್ತು. ಡೈರಿಯ ಮುಂದೆ ಕ್ಯಾನು ಚೊಂಬು ಹಿಡಿದು ಜನ ಸಾಲಾಗಿ ನಿಂತಿದ್ದರು. ಪುಟ್ಟಮಾದಯ್ಯನ ಮನೆ ಅಲ್ಲಿಂದ ನಾಲ್ಕು ಮನೆ ಆಚೆ. ಅವನ ಹೆಂಡತಿ ಪುಟ್ಟಸಿದ್ದಮ್ಮ ತುಂಬಿದ ಹಾಲಿನ ಚೊಂಬನ್ನು ಹೊಸ್ತಿಲ ಒಳಗಿಟ್ಟುಕೊಂಡು ಕೂತಿದ್ದಳು. ಸಾಲು ಕರಗಿದ ಮೇಲೆಯೇ ಅವಳು ಹೋಗುವುದಂತೆ, ಮಂಗಳವಾರದಿಂದ ಹಾಗೇ. ನಿಂತರೆ ಜನ ತೂಕದ ಮಾತೆತ್ತುತ್ತಾರೆ.

ಪುಟ್ಟಮಾದಯ್ಯ ಜಗಲಿಯಿಂದ ಏಳಲಿಲ್ಲ. ನಿಯಾಜ್ ನಿಂತೇ ಎಲ್ಲ ಹೇಳಿದ. ಕವಲು, ಕರಿ ಡಬ್ಬಿ, ಕೆಂಪು ದೀಪ, ಸೋಮವಾರದಿಂದ ಕೆಲಸ. ಪುಟ್ಟಮಾದಯ್ಯ ಕೊನೆ ತನಕ ಕೇಳಿ, ಡೈರಿಯ ಕಡೆ ಕೈ ತೋರಿಸಿದ.

“ನಂಗ್ಯಾಕೆ ಹೇಳೀಯೆ? ನಾನು ಮಾಡಿಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು. ಓಗು, ಅಲ್ಲಿ ಹೇಳು.”

ನಿಯಾಜ್ ಹೋದ. ಸಾಲಿನ ಮುಂದೆ ನಿಂತು ನೀಲಿ ತಂತಿ ಕಂದು ತಂತಿ ಎಂದು ಶುರುಮಾಡಿದ. ಯಾರಿಗೂ ಏನೂ ತಿಳಿಯಲಿಲ್ಲ. ದೊಡ್ಡಯ್ಯ ಎಂಬ ಮುದುಕ, “ಏ ಸಾಬ್ರೇ, ತಂತಿ ಪುರಾಣ ಬುಡಿ. ಮಾದಯ್ಯ ಮಾಡಿದ್ನಾ ಇಲ್ವಾ? ಅಷ್ಟ್ ಹೇಳಿ,” ಎಂದ.

“ಇಲ್ಲ. ಅವನು ಏನೂ ಮಾಡಿಲ್ಲ. ತೂಕನೂ ಸರಿಯಾಗೇ ಇತ್ತು. ಮಿಷನ್ ಸುಟ್ಟಿದ್ದು ನಾನು.”

ಸಾಲಿನಲ್ಲಿದ್ದ ಒಬ್ಬಳು, “ಅಯ್ಯೋ, ನಮ್ ಮನೆಯೋರು ಅವನ್ನ ಏನೇನೆಲ್ಲಾ ಅಂದ್ಬುಟ್ರಲ್ಲ ಕಣಮ್ಮಿ,” ಎಂದಳು ಪಕ್ಕದವಳಿಗೆ. ಸಾಲು ಮುಂದಕ್ಕೆ ಸರಿಯಿತು.

ನಿಯಾಜ್ ಜಗಲಿಗೆ ಹಿಂದಿರುಗಿದ. ಪುಟ್ಟಸಿದ್ದಮ್ಮ ಚೊಂಬು ಎತ್ತಿಕೊಂಡು ಅವನ ಪಕ್ಕದಲ್ಲೇ ಹಾದು ಸಾಲಿನ ಕಡೆ ಹೋದಳು, ಅವನ ಮುಖ ನೋಡಲಿಲ್ಲ. ಪುಟ್ಟಮಾದಯ್ಯ ಸ್ವಲ್ಪ ಸರಿದು ಜಾಗ ಬಿಟ್ಟ. ನಿಯಾಜ್ ಕೂತ.

“ಮಿಷನ್ ಸುಟ್ಟಿದ್ದು ಬುಡು ನಿಯಾಜು,” ಎಂದ ಪುಟ್ಟಮಾದಯ್ಯ. “ಕೆಲ್ಸ ಮಾಡೋನ ಕೈಲಿ ಸುಡ್ತದೆ, ಮುರೀತದೆ. ಆವತ್ತು ಅವರು ಕೇಳಿದ್ರಲ್ಲ, ಆಗ ಗೊತ್ತಿಲ್ಲ ಅನ್ನಕ್ಕೆ ನಿಂಗೇನಾಗಿತ್ತು? ಒಂದ್ ಮಾತು. ಅಷ್ಟೇ ಸಾಕಾಗಿತ್ತು.”

“ನಾಚಿಕೆ ಆಯ್ತಣ್ಣ,” ಎಂದ ನಿಯಾಜ್. “ಅಷ್ಟು ಜನ ನನ್ನೇ ನೋಡ್ತಿದ್ರು.”

“ನಿಂಗೆ ಒಂದ್ ಗಳಿಗೆ ನಾಚ್ಕೆ. ಅದನ್ನ ತಕ್ಕಂಡು ಬಂದು ನನ್ ಮನೆ ಮುಂದೆ ಸುರ್ದೆ ಕಣಪ್ಪಾ. ಐದ್ ದಿನ ಆಯ್ತು, ಇವ್ಳು ಬೆಳಕಿದ್ದಾಗ ನೀರಿಗೆ ಹೋಗಿಲ್ಲ.”

ಪುಟ್ಟಮಾದಯ್ಯ ಎದ್ದು, ಸೋಮವಾರಕ್ಕೆ ಒಗೆದಿಟ್ಟ ಅಂಗಿ ಇದೆಯೋ ಇಲ್ಲವೋ ನೋಡಲು ಒಳಗೆ ಹೋದ. ನಿಯಾಜ್‌ಗೆ ಟೀ ಕುಡೀತೀಯಾ ಎಂದು ಕೇಳಲಿಲ್ಲ.